ಗಾಳಿ ತಳ್ಳಿತು ಎಂದರೆ ಯಾರೂ ನಂಬಲಿಲ್ಲ

ಭಾನುವಾರ ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಅಡ್ಡಾಗುವ ಹೊತ್ತಿಗೆ, ಚಿಕ್ಕಪ್ಪ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿದರು. ಪುಟ್ಟ ವಿಮಾನವೊಂದು ರನ್‌ವೇಯತ್ತ ಓರೆಯಾಗಿ, ಬೇಲಿ ನುಸುಳುವ ಕಳ್ಳ ದನದಂತೆ ಬರುತ್ತದೆ. ಕೊನೆಗೆ ಒಂದೇ ಚಕ್ರ ಊರಿ ನೆಟ್ಟಗಾಗುತ್ತದೆ. ಕೆಳಗಿನ ಬರಹ: ‘ನಿನ್ನೆ ಶಿವಮೊಗ್ಗದ ಸೋಗಾನೆಯಲ್ಲಿ! ಗಾಳಿಯ ಮುಂದೆ ಮನುಷ್ಯ ಎಷ್ಟರವನು!’

ಯಾಕೆ ಹಾಕಿದರೆಂದು ಹಳಬರಿಗೆ ಬೇರೆ ಹೇಳಬೇಕಿರಲಿಲ್ಲ. ಅಕ್ಕನ ಮದುವೆಯ ಹಿಂದಿನ ದಿನ ಆಗುಂಬೆ ಘಾಟಿಯಲ್ಲಿ ಅವರ ಜೀಪು ಚರಂಡಿಗೆ ಇಳಿದಿತ್ತು. ಗಾಳಿ ತಳ್ಳಿತು ಎಂದು ಅಂದಿನಿಂದ ಹೇಳುತ್ತಲೇ ಇದ್ದಾರೆ.

ದೊಡ್ಡಪ್ಪ: ಪೈಲಟ್ ಕುಡಿದಿರಬೇಕು. ಈಗಿನವರಿಗೆ ಕೆಲಸದ ಮೇಲೆ ಭಯಭಕ್ತಿ ಇಲ್ಲ. ನಾವು ಎತ್ತಿನ ಗಾಡಿಗೂ ಕೈಮುಗಿದು ಹತ್ತುತ್ತಿದ್ದೆವು.

ಭಾವ: ಎಲ್ಲಿಂದ ಬಂತು ಈ ವಿಡಿಯೊ, ಮಾವ? ರನ್‌ವೇ ಹಿಂದೆ ಸಮುದ್ರ ಕಾಣುತ್ತಿದೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅಷ್ಟರಲ್ಲಿ ಸಮುದ್ರವೂ ಘಟ್ಟ ಹತ್ತಿತೇ?

ಚಿಕ್ಕಪ್ಪ: ಎಲ್ಲಿಯದಾದರೇನು ಅಳಿಯಂದಿರೇ, ಗಾಳಿ ಗಾಳಿಯೇ. ನಿಮಗೆ ಎಲ್ಲದಕ್ಕೂ ದಾಖಲೆ ಬೇಕು. ನಿಶ್ಚಿತಾರ್ಥದ ದಿನ ತೋಟದ ಪಹಣಿ ಕೇಳಿದವರಲ್ಲವೇ?

ಭಾವ: ಕೇಳಿದ್ದು ನನ್ನ ತಂದೆ.

ಇಲ್ಲಿಗೆ ಅರ್ಧ ಗಂಟೆ ಮೌನ. ಆಮೇಲೆ ಭಾವನ ಮಗಳು ಬಂದಳು. ಅವಳು ವಿಮಾನ ಓಡಿಸಲು ಕಲಿಯುತ್ತಿದ್ದಾಳೆ. ಗುಂಪಿನಲ್ಲಿ ವಿಮಾನದ ವಿಷಯ ಗೊತ್ತಿರುವುದು ಅವಳೊಬ್ಬಳಿಗೇ.

ಪುಟ್ಟಿ: ಅಜ್ಜಂದಿರೇ, ಪೈಲಟ್ ಸರಿಯಾಗಿಯೇ ಇಳಿಸಿದ್ದಾನೆ. ಗಾಳಿ ಪಕ್ಕದಿಂದ ಬೀಸುವಾಗ ಮೂತಿಯನ್ನು ರನ್‌ವೇಗೆ ನೇರ ಹಿಡಿದರೆ ವಿಮಾನ ಆಚೆ ಜಾರುತ್ತದೆ. ಅದಕ್ಕೆ ಮೂತಿಯನ್ನು ಗಾಳಿಯತ್ತ ತಿರುಗಿಸಿಕೊಂಡೇ ಬರಬೇಕು. ಏಡಿಯ ನಡಿಗೆ ಅದು, ಹೆಸರೂ ಕ್ರ್ಯಾಬ್ ಎಂದೇ. ಆದರೆ ಓರೆಯಾಗಿಯೇ ನೆಲ ಮುಟ್ಟಿದರೆ ಚಕ್ರಗಳಿಗೆ ಅಡ್ಡ ಏಟು ಬೀಳುತ್ತದೆ. ಮುಟ್ಟುವ ಮುನ್ನ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ, ಪೆಡಲ್ ಒತ್ತಿ ಮೂತಿ ನೇರ ಮಾಡಬೇಕು, ಜೊತೆಗೇ ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಬೇಕು. ಆಗ ಆ ಬದಿಯ ಚಕ್ರ ಮೊದಲು ಊರುತ್ತದೆ. ಕುಡಿದವರ ಕೈಯಲ್ಲಿ ಆಗುವ ಕೆಲಸವಲ್ಲ.

ಮೈಸೂರಿನಲ್ಲಿರುವ ದೊಡ್ಡಪ್ಪನ ಮಗ ಇದರಲ್ಲಿ ಓದಿದ್ದು ‘ಏಡಿ’ ಎಂಬ ಒಂದೇ ಪದವನ್ನು. ಗದ್ದೆಯಂಚಿನಲ್ಲಿ ಏಡಿ ಹಿಡಿದದ್ದು, ಅಜ್ಜಿಯ ಬೈಗುಳ, ತುಂಗೆ ದಾಟಿಸುತ್ತಿದ್ದ ದೋಣಿಯವನು, ಎಲ್ಲವೂ ಬಂದವು. ‘ಹೊಳೆ ತುಂಬಿದ್ದಾಗ ಅವನು ಎದುರಿನ ಕಟ್ಟೆ ಬಿಟ್ಟು ಮೇಲಕ್ಕೆಲ್ಲೋ ಮೂತಿ ಮಾಡಿ ಹುಟ್ಟು ಹಾಕುತ್ತಿದ್ದ. ಆದರೂ ಸರಿಯಾಗಿ ಕಟ್ಟೆಗೇ ತಲುಪುತ್ತಿದ್ದೆವು.’ ಪುಟ್ಟಿ ‘ಅದೇ ಮಾವ, ಅದೇ!’ ಎಂದು ಬರೆಯುವಷ್ಟರಲ್ಲಿ ಅವನು ಹಲಸಿನ ಕಡುಬಿಗೆ ದಾಟಿದ್ದ. ಇಡೀ ದಿನದಲ್ಲಿ ವಿಷಯದ ಹತ್ತಿರ ಬಂದವನು ಅವನೊಬ್ಬ, ಅದೂ ತನಗೇ ತಿಳಿಯದೆ.

ಚಿಕ್ಕಪ್ಪ: ಪುಟ್ಟಿ, ಎಷ್ಟು ಗಾಳಿಗೆ ಇಷ್ಟು ಒದ್ದಾಟ?

ಪುಟ್ಟಿ: ಸೆಸ್ನಾ 172 ಎಂಬ ಪುಟ್ಟ ವಿಮಾನದ ಕೈಪಿಡಿಯಲ್ಲಿ 15 ನಾಟ್ ಎಂದಿದೆ ಚಿಕ್ಕಜ್ಜ, ಗಂಟೆಗೆ ಸುಮಾರು 28 ಕಿಲೋಮೀಟರ್. ಅದು ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಅಡ್ಡಗಾಳಿ, ಕಟ್ಟುನಿಟ್ಟಿನ ಮಿತಿಯಲ್ಲ. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಿದ್ದರೆ ಅರ್ಧ ಮಾತ್ರ ಅಡ್ಡಗಾಳಿಯ ಲೆಕ್ಕಕ್ಕೆ. ಕೈಮೀರಿತು ಅನ್ನಿಸಿದರೆ ಇಳಿಯದೆ ಮತ್ತೆ ಮೇಲೇರಬೇಕು.

ಚಿಕ್ಕಪ್ಪ: ಕೇಳಿದಿರಲ್ಲ? 28ಕ್ಕೇ ವಿಮಾನ ಅಲುಗುತ್ತದೆ. ಆಗುಂಬೆಯಲ್ಲಿ ಆ ದಿನ ಅದರ ಎರಡರಷ್ಟು ಗಾಳಿಯಿತ್ತು.

ಭಾವ: ಅಳೆದವರು ಯಾರು?

ಪುಟ್ಟಿ: ನಾಲ್ಕೂ ಚಕ್ರ ನೆಲದ ಮೇಲಿದ್ದರೆ ಲೆಕ್ಕ ಬೇರೆ, ಚಿಕ್ಕಜ್ಜ.

ಇದಕ್ಕೆ ಉತ್ತರ ಬರಲಿಲ್ಲ. ಬಂದದ್ದು ಸಾಗರದ ಅತ್ತೆ, ನಿದ್ದೆಯಿಂದ ಎದ್ದು, ‘ಆಗುಂಬೆ’ ಎಂಬುದೊಂದನ್ನು ಬಿಟ್ಟು ಮೇಲಿನದೇನನ್ನೂ ಓದದೆ.

ಅತ್ತೆ: ಸಣ್ಣಣ್ಣ, ಜೀಪಿನ ಮಾತು ಬಂತಲ್ಲ, ಕೇಳುತ್ತೇನೆ. ಹಿಂದೆ ಇಟ್ಟಿದ್ದ ಎರಡು ಡಬ್ಬ ತುಪ್ಪ ಏನಾಯಿತು?

ಚಿಕ್ಕಪ್ಪ: ಚರಂಡಿಯಲ್ಲಿ ಚೆಲ್ಲಿತು.

ದೊಡ್ಡಪ್ಪ: ಒಂದು ಚೆಲ್ಲಿತು, ತಮ್ಮ. ಇನ್ನೊಂದು ಜೀಪು ಎತ್ತಲು ಬಂದ ಲಾರಿಯಲ್ಲಿ ಹೋಯಿತು. ಕೊಟ್ಟವನು ನೀನೇ. ನಾನು ಅಲ್ಲೇ ನಿಂತಿದ್ದೆ.