ಬಿ.ಪಿ. ಇಲ್ಲದ ತಮ್ಮನಿಗೆ ಬಿ.ಪಿ. ಗುಳಿಗೆ ಯಾಕೆ ಕೊಟ್ಟರು?

ಪ್ರಶ್ನೆ (ಆಳಂದ ಕಡೆಯ ಒಬ್ಬ ಅಕ್ಕ): ನಮಸ್ಕಾರ ಡಾಕ್ಟರ್ ಸರ್. ನನ್ನ ತಮ್ಮ ಕಲಬುರಗಿಯ ದಾಲ್ ಮಿಲ್‌ನಲ್ಲಿ ಹಮಾಲಿ ಮಾಡುತ್ತಾನೆ. ತೊಗರಿ ಚೀಲ ಹೊತ್ತು ಸೊಂಟ ಹಿಡಿದಿತ್ತು. ಯಾರೋ ಟ್ರಾಮಡಾಲ್ ಗುಳಿಗೆ ಕೊಟ್ಟರು. ಸೊಂಟನೋವು ಹೋಯಿತು, ಗುಳಿಗೆ ಬಿಡಲಿಲ್ಲ. ಈಗ 50ರ ಗುಳಿಗೆ ದಿನಕ್ಕೆ 10, ಒಂದು ಸ್ಟ್ರಿಪ್ ಪೂರ್ತಿ. ಸಿಗದಿದ್ದರೆ ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರುತ್ತದೆ, ಮೈಮೇಲೆ ಮುಳ್ಳು ಏಳುತ್ತವೆ, ಭೇದಿ. ರಾತ್ರಿಯೆಲ್ಲ ಕಾಲು ಸೆಳೆತ ಅಂತ ಹೊರಳಾಡುತ್ತಾನೆ. ಮೊನ್ನೆ ಒಬ್ಬ ಡಾಕ್ಟರಿಗೆ ತೋರಿಸಿದೆವು. ಕ್ಲೋನಿಡಿನ್ ಬರೆದರು. ಮೆಡಿಕಲ್‌ನವರು ‘ಇದು ಬಿ.ಪಿ. ಗುಳಿಗೆ’ ಅಂದರು. ತಮ್ಮನಿಗೆ ಬಿ.ಪಿ. ಇಲ್ಲ. ಅವನ ಮೇಲೆ ಪ್ರಯೋಗ ಮಾಡ್ತಿದ್ದಾರಾ?

ಉತ್ತರ (ಮನೋವೈದ್ಯರು, ಕಲಬುರಗಿ): ಗಾಬರಿ ಬೇಡ ಅಕ್ಕಾ. ಪ್ರಯೋಗ ಆಗಿ ದಶಕಗಳೇ ಆದವು.

ಕ್ಲೋನಿಡಿನ್ ತಯಾರಾದದ್ದು 1960ರ ದಶಕದ ಶುರುವಿನಲ್ಲಿ, ಜರ್ಮನಿಯಲ್ಲಿ. ಕಟ್ಟಿದ ಮೂಗು ಬಿಡಿಸಲಿ ಅಂತ ಮಾಡಿದ ಔಷಧ ಅದು. ಕೊಟ್ಟು ನೋಡಿದರೆ ಬಿ.ಪಿ. ಇಳಿಯಿತು, ಜೋಂಪು ಬಂತು. ಹಾಗಾಗಿ ಬಿ.ಪಿ. ಗುಳಿಗೆ ಆಯಿತು. 1978ರಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಮತ್ತು ಜೊತೆಗಾರರು ಇದನ್ನು ಅಫೀಮು ಜಾತಿಯ ಔಷಧ (ತಮ್ಮನ ಟ್ರಾಮಡಾಲ್ ಕೂಡ ಅದೇ ಜಾತಿ) ಬಿಡುತ್ತಿದ್ದವರಿಗೆ ಕೊಟ್ಟರು. ನಡುಕ, ಬೆವರು ತಗ್ಗಿದವು.

ಅದಕ್ಕೆ ಕಾರಣ ಇದೆ. ಮೆದುಳಿನ ಕಾಂಡದಲ್ಲಿ ಲೋಕಸ್ ಸೆರುಲಿಯಸ್ ಎಂಬ ಚಿಕ್ಕ ಜಾಗವಿದೆ. ನಮ್ಮನ್ನು ಎಚ್ಚರವಾಗಿಡುವ, ಎದೆ ಬಡಿತ ಏರಿಸುವ ನಾರ್‌ಅಡ್ರಿನಲಿನ್ ಅಲ್ಲಿಂದ ಹೊರಡುತ್ತದೆ. ಅಫೀಮು ಜಾತಿಯ ಔಷಧಗಳು ಅದನ್ನು ಅದುಮಿ ಹಿಡಿಯುತ್ತವೆ. ತಿಂಗಳುಗಟ್ಟಲೆ ಅದುಮಿದ ಸ್ಪ್ರಿಂಗನ್ನು ಒಮ್ಮೆಲೇ ಬಿಟ್ಟರೆ ಹೇಗೆ ಚಿಮ್ಮುತ್ತದೋ, ಗುಳಿಗೆ ಸಿಗದ ದಿನ ಒಳಗೆ ಹಾಗೇ ಆಗುತ್ತದೆ. ಕ್ಲೋನಿಡಿನ್ ಅದೇ ಜಾಗವನ್ನು ಸಮಾಧಾನ ಮಾಡುತ್ತದೆ, ಆದರೆ ಅದು ನಶೆಯ ಔಷಧ ಅಲ್ಲ.

ಇದು ಬಿಡುವ ದಿನಗಳ ಸಂಕಟ ಕಮ್ಮಿ ಮಾಡುತ್ತದೆ, ಅಷ್ಟೇ. ‘ಬೇಕು ಬೇಕು’ ಅನ್ನುವ ಸೆಳೆತ ಹಾಗೇ ಉಳಿಯುತ್ತದೆ. ನಿದ್ದೆ, ಮೈಕೈ ನೋವಿಗೂ ಅಷ್ಟೇನೂ ನಾಟುವುದಿಲ್ಲ. ಬಿ.ಪಿ. ಇಲ್ಲದವರಿಗೆ ಎದ್ದು ನಿಂತಾಗ ತಲೆ ಸುತ್ತಬಹುದು. ಚೀಲ ಹೊರುವವನಿಗೆ ಇದು ಸಣ್ಣ ವಿಷಯ ಅಲ್ಲ, ಆ ದಿನಗಳಲ್ಲಿ ಕೆಲಸಕ್ಕೆ ಕಳಿಸಬೇಡಿ. ಡಾಕ್ಟರನ್ನು ಕೇಳದೆ ಕ್ಲೋನಿಡಿನ್ ನಿಲ್ಲಿಸಲೂ ಬೇಡಿ, ಬಿ.ಪಿ. ದಿಢೀರ್ ಏರುತ್ತದೆ.

ಇನ್ನೊಂದು ಮಾತು. 50ರ 10 ಗುಳಿಗೆ ಅಂದರೆ 500 ಮಿಲಿಗ್ರಾಂ. ಟ್ರಾಮಡಾಲ್‌ನ ಮಿತಿಯೇ ದಿನಕ್ಕೆ 400. ಅದರ ಮೇಲೆ ಹೋದರೆ ಫಿಟ್ಸ್ ಬರುವ ಭಯ ಜಾಸ್ತಿ. ಬೇಗ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ (ಹುಮನಾಬಾದ್‌ನ ಮೆಡಿಕಲ್ ಅಂಗಡಿಯವರು): ಸರ್, ವಾಂತಿಗೆ ಕೊಡುವ ಒಂಡನ್‌ಸೆಟ್ರಾನ್‌ನಿಂದ ಈ ಚಟ ಬಿಡುತ್ತದೆ ಅಂತ ಒಂದು ವಿಡಿಯೋ ಓಡಾಡ್ತಿದೆ. ಜನ ಬಂದು ಕೇಳ್ತಾರೆ. ಚಿಕ್ಕ ಮಕ್ಕಳಿಗೂ ಕೊಡುವ ಗುಳಿಗೆ, ಕೊಟ್ಟರೆ ತಪ್ಪೇನು?

ಉತ್ತರ: ಕೇಳಿದ್ದು ಒಳ್ಳೆಯದಾಯಿತು ಅಣ್ಣಾ. ಇದರ ಕಥೆ ಪೂರ್ತಿ ಹೇಳುತ್ತೇನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಲಿಗಳ ವಂಶವಾಹಿ ಹುಡುಕಿ, ವಾಂತಿ ಗುಳಿಗೆ ಕೆಲಸ ಮಾಡುವ ಜಾಗಕ್ಕೂ ಈ ಸಂಕಟಕ್ಕೂ ನಂಟಿದೆ ಎಂದು ಕಂಡುಕೊಂಡರು. ಇಲಿಗೆ ಕೊಟ್ಟರು, ಸಂಕಟ ತಗ್ಗಿತು. ಆರೋಗ್ಯವಂತರಿಗೆ ಒಂದು ಸಲ ಮಾರ್ಫಿನ್ (ಅಫೀಮು ಜಾತಿಯ ನೋವಿನ ಔಷಧ) ಕೊಟ್ಟು, ಅದರ ಪರಿಣಾಮ ತಡೆಯುವ ಔಷಧದಿಂದ ಸಂಕಟ ಬರಿಸಿ ನೋಡಿದರು. ಒಂಡನ್‌ಸೆಟ್ರಾನ್ ಮೊದಲೇ ತೆಗೆದುಕೊಂಡಾಗ ಅದು ಕಮ್ಮಿ ಇತ್ತು. 2009ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಆಸೆ ಹುಟ್ಟಿತು. ಅಗ್ಗದ ಗುಳಿಗೆ, ಎಲ್ಲ ಊರಲ್ಲೂ ಸಿಗುತ್ತದೆ, ಚಟ ಹಿಡಿಸುವುದಿಲ್ಲ.

ಆಮೇಲೆ ಅದೇ ತಂಡ ಬಹುದಿನದ ಬೆನ್ನುನೋವಿನವರ ಮೇಲೆ ಪರೀಕ್ಷೆ ಮಾಡಿತು. ತಿಂಗಳು ಕಾಲ ಎಲ್ಲರಿಗೂ ಮಾರ್ಫಿನ್. ಅದರ ಜೊತೆ ಕೆಲವರಿಗೆ ಒಂಡನ್‌ಸೆಟ್ರಾನ್, ಕೆಲವರಿಗೆ ಔಷಧವಿಲ್ಲದ ಖಾಲಿ ಗುಳಿಗೆ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದಂತೆ ಹಂಚಿದ್ದು. ಕೊನೆಗೆ ಸಂಕಟದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಇಲಿಯಲ್ಲಿ ಸರಿ, ಒಂದೇ ಡೋಸ್ ತಗೊಂಡವರಲ್ಲೂ ಸರಿ. ನಿಜವಾದ ರೋಗಿಯ ಹತ್ತಿರ ಬಂದಾಗ ಕೈಕೊಟ್ಟಿತು. ಈ ಕೊನೆಯ ಪರೀಕ್ಷೆ ನಡೆಯದೇ ಹೋಗಿದ್ದರೆ ನಾವೆಲ್ಲ ಇಂದೂ ಅದನ್ನೇ ಬರೆಯುತ್ತಿದ್ದೆವೇನೋ. ವಾಂತಿಗೆ ಅದು ಒಳ್ಳೆಯ ಗುಳಿಗೆ, ಈಗಲೂ ಕೊಡುತ್ತೇವೆ. ಚಟಕ್ಕೆ ಅಂತ ದಯವಿಟ್ಟು ಕೊಡಬೇಡಿ. ಅದನ್ನು ನಂಬಿ ಕೂತವನು ಸರಿಯಾದ ಚಿಕಿತ್ಸೆಗೆ ಬರುವುದು ತಡವಾಗುತ್ತದೆ, ನನ್ನ ಚಿಂತೆ ಅದು.

ಪ್ರತಿಕ್ರಿಯೆ (ಯಾದಗಿರಿಯ ಒಬ್ಬ ಹಿರಿಯರು): ಇಷ್ಟೆಲ್ಲ ಯಾಕ್ರೀ ಡಾಕ್ಟ್ರೇ? ಒಂದು ವಾರ ಕೋಣೆಯಲ್ಲಿ ಕೂಡಿ ಹಾಕಿದರೆ ತಾನೇ ಬಿಡ್ತಾನೆ. ಮನಸ್ಸು ಗಟ್ಟಿ ಬೇಕು, ಅಷ್ಟೇ.

ಉತ್ತರ: ಕಾಕಾ, ನಿಮ್ಮ ಕಾಳಜಿ ಗೊತ್ತು. ಆದರೆ ಈ ಮಾತು ಜೀವ ತೆಗೆಯುತ್ತದೆ, ಅದಕ್ಕೇ ನೇರವಾಗಿ ಹೇಳುತ್ತೇನೆ.

2003ರಲ್ಲಿ ಸ್ವೀಡನ್ನಿನ ವೈದ್ಯರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹೆರಾಯಿನ್ ಚಟದ 40 ಜನ. 20 ಜನರಿಗೆ ವರ್ಷಪೂರ್ತಿ ದಿನಾ ಬ್ಯುಪ್ರೆನಾರ್ಫಿನ್, ಅಂದರೆ ಚಟದ ಚಿಕಿತ್ಸೆಗೆ ಕೊಡುವ ಅಫೀಮು ಜಾತಿಯದೇ ಗುಳಿಗೆ. ಉಳಿದ 20 ಜನರಿಗೆ 6 ದಿನ ಅದೇ ಗುಳಿಗೆ ಇಳಿಸುತ್ತಾ ಕೊಟ್ಟು, ಆಮೇಲೆ ಖಾಲಿ ಗುಳಿಗೆ. ಆಪ್ತಸಮಾಲೋಚನೆ ಇಬ್ಬರಿಗೂ ಇತ್ತು. ವರ್ಷ ಮುಗಿದಾಗ ಮೊದಲ ಗುಂಪಿನ 15 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯ ಗುಂಪಿನಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ 4 ಜನ ಸತ್ತೇ ಹೋದರು.

ಒಂದು ವಾರ ಕೂಡಿ ಹಾಕಿದರೆ ದೇಹದ ತಡೆದುಕೊಳ್ಳುವ ಶಕ್ತಿ ಇಳಿಯುತ್ತದೆ, ಸೆಳೆತ ಇಳಿಯುವುದಿಲ್ಲ. ಹೊರಗೆ ಬಂದವನು ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ.

ಬ್ಯುಪ್ರೆನಾರ್ಫಿನ್ ಕೂಡ ಮೊದಲು ನೋವಿನ ಔಷಧವೇ. ಚಟಕ್ಕೆ ಆದೀತು ಎಂಬ ಮಾತು 1978ರಲ್ಲೇ ಬಂದಿತ್ತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ನಡುವಿನ ವರ್ಷಗಳಲ್ಲಿ ಒಂದರ ಮೇಲೊಂದು ಪರೀಕ್ಷೆ ದಾಟಿ ಬಂತು. ಬಿಡಿಸುವ ದಿನಗಳಲ್ಲೂ ಅದು ಕ್ಲೋನಿಡಿನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಯಾವಾಗ ಶುರು ಮಾಡಬೇಕು ಅನ್ನುವುದನ್ನು ಮಾತ್ರ ಡಾಕ್ಟರೇ ಹೇಳಬೇಕು. ಬೇರೆ ಗುಳಿಗೆಯ ಅಮಲು ಇರುವಾಗಲೇ ಕೊಟ್ಟರೆ ಸಂಕಟ ಒಮ್ಮೆಲೇ ಕೆರಳುತ್ತದೆ.

ಪ್ರಶ್ನೆ (ಆಳಂದದ ಅಕ್ಕ): ಹೈದರಾಬಾದಿನ ಒಂದು ದವಾಖಾನೆಯಲ್ಲಿ ಯಾವುದೋ ಹಳೇ ಗುಳಿಗೆಯನ್ನು ಚಟಕ್ಕೆ ಟ್ರಯಲ್ ಮಾಡ್ತಾರಂತೆ. ಸೇರಿಸಬಹುದಾ ಸರ್?

ಉತ್ತರ: ಸೇರಿಸಬಾರದು ಅಂತ ಹೇಳಲ್ಲ. ಆದರೆ ಕೇಳಬೇಕಾದ್ದನ್ನು ಕೇಳಿ.

ಮೊದಲು ಇದನ್ನು ಕೇಳಿ: ಪರೀಕ್ಷೆಯ ಗುಳಿಗೆ ಸಿಗದ ಗುಂಪಿಗೆ ಏನು ಕೊಡುತ್ತೀರಿ? ಸ್ವೀಡನ್ನಿನ ಆ 4 ಸಾವು ಗೊತ್ತಿದ್ದ ಮೇಲೆ, ಬರೀ ಖಾಲಿ ಗುಳಿಗೆ ಕೊಟ್ಟು ಮನೆಗೆ ಕಳಿಸುವ ಟ್ರಯಲ್‌ಗೆ ನನ್ನ ಒಪ್ಪಿಗೆಯಿಲ್ಲ. ಎಲ್ಲರಿಗೂ ಬ್ಯುಪ್ರೆನಾರ್ಫಿನ್ ಕೊಟ್ಟು, ಅದರ ಜೊತೆಗೆ ಹಳೇ ಗುಳಿಗೆ ಸೇರಿಸಿ ಹೋಲಿಸಿದರೆ ಸರಿ. ಎಷ್ಟು ದಿನ ನೋಡುತ್ತಾರೆ ಅಂತಲೂ ಕೇಳಿ. ಮೂರ್ನಾಲ್ಕು ದಿನ ನಡುಕ ಎಣಿಸಿ ಮುಗಿಸುವುದರಿಂದ ಚಟದ ಬಗ್ಗೆ ಏನೂ ತಿಳಿಯುವುದಿಲ್ಲ. ತಿಂಗಳುಗಳು ಕಳೆದ ಮೇಲೂ ಅವನು ಚಿಕಿತ್ಸೆಯಲ್ಲಿ ಇದ್ದಾನಾ, ಮೂತ್ರ ಪರೀಕ್ಷೆ ಏನು ಹೇಳುತ್ತದೆ, ಕೆಲಸಕ್ಕೆ ಹೋಗುತ್ತಿದ್ದಾನಾ ಎಂಬುದನ್ನು ಅವರು ನೋಡಬೇಕು.

ನಮ್ಮ ದೇಶದಲ್ಲಿ 2009ರಿಂದ ಇಂಥ ಟ್ರಯಲ್‌ಗಳನ್ನು ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಲೇಬೇಕು. ಆ ನಂಬರ್ ಕೇಳಿ, ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕೊಟ್ಟು ‘ಇಲ್ಲಿ ಸಹಿ ಮಾಡಿ’ ಅಂದರೆ ಮಾಡಬೇಡಿ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮ ಹೇಳುತ್ತದೆ. ನಡುವೆ ಬಿಟ್ಟು ಬರುವ ಹಕ್ಕು ತಮ್ಮನಿಗಿದೆ. ಸೇರಿಸಿಕೊಳ್ಳಲು ದುಡ್ಡು ಕೇಳಿದರೆ ಎದ್ದು ಬನ್ನಿ.

ಟ್ರಯಲ್ ಆಮೇಲೆ ನೋಡೋಣ. ಈ ವಾರವೇ ಅವನನ್ನು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ನುಂಗುವ ಎಲ್ಲ ಗುಳಿಗೆಗಳ ಸ್ಟ್ರಿಪ್ ಜೊತೆಗಿರಲಿ. ಸೇಂದಿ ಕುಡಿಯುತ್ತಾನಾ ಅಂತ ಮನೆಯಲ್ಲೇ ಕೇಳಿಕೊಳ್ಳಿ. ಗಡಿ ಕಡೆಯ ಸೇಂದಿಯಲ್ಲಿ ಆಲ್‌ಪ್ರಜೋಲಾಮ್ ಬೆರೆಸುವುದುಂಟು. ಅದು ಮತ್ತು ಅಫೀಮು ಜಾತಿಯ ಔಷಧ ಸೇರಿದರೆ ಉಸಿರಿಗೇ ಕುತ್ತು, ಹಾಗಾಗಿ ಡಾಕ್ಟರಿಗೆ ಮುಚ್ಚಿಡಬೇಡಿ. ರಾತ್ರಿ ಹೊತ್ತು ಮಾತಾಡಬೇಕು ಅನಿಸಿದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446.