ಅಮೆರಿಕದ ಮೊಂಟಾನಾ, ವಯೋಮಿಂಗ್ ಕಡೆ ಸಣ್ಣ ಊರಿಗೆ ಬರುವ ಕುಟುಂಬಗಳಿಗೆ: ಮಕ್ಕಳೊಂದಿಗೆ ಮೊದಲ ಚಳಿಗಾಲ

ತರಬೇತಿಗೆಂದು ಕೊಡುವ ಜೆ-1 ವೀಸಾದಲ್ಲಿ ರೆಸಿಡೆನ್ಸಿ (ಆಸ್ಪತ್ರೆಯ ತರಬೇತಿ) ಮುಗಿಸಿದ ನಮ್ಮ ಡಾಕ್ಟರುಗಳಲ್ಲಿ ಅನೇಕರು ಭಾರತಕ್ಕೆ ಮರಳದೆ ಇಲ್ಲೇ ಉಳಿಯಲು ಕಾನ್ರಾಡ್ 30 ಎಂಬ ಯೋಜನೆಯಡಿ ವೈದ್ಯರ ಕೊರತೆ ಇರುವ ಊರಲ್ಲಿ ಮೂರು ವರ್ಷ ಕೆಲಸ ಮಾಡಲು ಒಪ್ಪಿಕೊಳ್ಳುತ್ತಾರೆ. ಹಾಗೆ ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಿಂದ ಹೆಂಡತಿ ಮಕ್ಕಳ ಸಮೇತ ಮೊಂಟಾನಾದ ಯಾವುದೋ ಕೌಂಟಿ ರಸ್ತೆಯ ಮನೆಗೆ ಬಂದಿಳಿದವರು ಮೊದಲು ಕೇಳುವುದು ಜಾಕೆಟ್ ಬಗ್ಗೆ. ಜಾಕೆಟ್ ಆಮೇಲೆ ನೋಡೋಣ. ಇಲ್ಲಿ ಒಲೆಗೆ ಗ್ಯಾಸು, ನಲ್ಲಿಗೆ ನೀರು, ಮನೆಯಿಂದ ರಸ್ತೆವರೆಗಿನ ದಾರಿ ಮೂರೂ ನಿಮ್ಮ ಹೊಣೆ. ಮೊದಲ ಹಿಮ ಬೀಳುವ ಮುಂಚೆ, ಅಂದರೆ ದಸರಾ ಹೊತ್ತಿಗೆ, ಇವನ್ನು ಸರಿಮಾಡಿಕೊಂಡರೆ ಡಿಸೆಂಬರ್ ರಜೆ ಮಕ್ಕಳಿಗೆ ನಿಜವಾಗಿ ರಜೆಯಾಗುತ್ತದೆ.

ಮೊದಲು ಪ್ರೊಪೇನ್, ಅಂದರೆ ಒಲೆಗೂ ಮನೆ ಬಿಸಿಮಾಡುವ ಫರ್ನೇಸಿಗೂ ಬೇಕಾದ ಗ್ಯಾಸು. ಮನೆ ಪಕ್ಕದ ಬಿಳಿ ಟ್ಯಾಂಕು ಸಾಮಾನ್ಯವಾಗಿ 500 ಗ್ಯಾಲನ್ನಿನದು. ಬಿಸಿಲಿಗೆ ಗ್ಯಾಸು ಹಿಗ್ಗುವುದರಿಂದ ಅದನ್ನು 80 ಶೇಕಡಾಕ್ಕಿಂತ ಹೆಚ್ಚು ತುಂಬುವುದಿಲ್ಲ, ಹಾಗಾಗಿ ನಿಮಗೆ ಸಿಗುವುದು 400 ಗ್ಯಾಲನ್. ಮುಚ್ಚಳ ಎತ್ತಿ ಗೇಜ್ ನೋಡುವುದನ್ನು ಭಾನುವಾರದ ಕೆಲಸ ಮಾಡಿಕೊಳ್ಳಿ. 30 ಶೇಕಡಾಕ್ಕೆ ಇಳಿದ ಕೂಡಲೇ ಗ್ಯಾಸಿನವರಿಗೆ ಫೋನ್ ಮಾಡಬೇಕು, ಏಕೆಂದರೆ ಹಿಮಗಾಳಿ ಇದ್ದಾಗ ಲಾರಿ ಬರುವುದು ತಡವಾಗುತ್ತದೆ. ಟ್ಯಾಂಕು ಪೂರ್ತಿ ಖಾಲಿಯಾದರೆ ತುಂಬಿಸಿದರಷ್ಟೇ ಸಾಲದು, ಲೀಕ್ ಟೆಸ್ಟ್ ಮಾಡಿದ ಮೇಲೆಯೇ ಮತ್ತೆ ಹೊತ್ತಿಸುವುದು, ಅದಕ್ಕೆ ಬೇರೆ ಚಾರ್ಜು. ಟ್ಯಾಂಕಿನವರೆಗೆ ಹಿಮ ಸರಿಸಿ ದಾರಿ ಬಿಟ್ಟಿರಿ. ಫರ್ನೇಸಿನ ಬಿಳಿ ಪಿವಿಸಿ ಕೊಳವೆಗಳು ಪಕ್ಕದ ಗೋಡೆಯಿಂದ ಹೊರಗೆ ಬಂದಿರುತ್ತವೆ. ಗಾಳಿ ಹೊತ್ತು ತಂದ ಹಿಮ ಅವನ್ನು ಮುಚ್ಚಿದರೆ ಫರ್ನೇಸ್ ನಿಂತುಹೋಗುತ್ತದೆ, ಇಲ್ಲವೇ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಮನೆಯೊಳಗೆ ತಿರುಗುತ್ತದೆ. ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇರಲೇಬೇಕು, ಬ್ಯಾಟರಿ ಸಮೇತ.

ನೀರು ಬೋರ್‌ವೆಲ್ಲಿನದು. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಪ್ರೆಶರ್ ಟ್ಯಾಂಕಿನಲ್ಲಿ ಉಳಿದ ಸ್ವಲ್ಪ ನೀರು ಮುಗಿದ ಮೇಲೆ ನಲ್ಲಿ ಒಣ. ಕುಡಿಯಲು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ ಮೂರು ದಿನಕ್ಕಾಗುವಷ್ಟು ನೀರು ಮನೆಯೊಳಗೆ ಇಟ್ಟಿರಿ. ಬಿರುಗಾಳಿಯ ಮುನ್ಸೂಚನೆ ಬಂದ ರಾತ್ರಿ ಬಾತ್‌ಟಬ್ ತುಂಬಿಸಿಟ್ಟರೆ ಟಾಯ್ಲೆಟ್ಟಿಗಾಗುತ್ತದೆ. ಪುಟ್ಟ ಮಕ್ಕಳಿದ್ದರೆ ಆ ಬಾಗಿಲು ಮುಚ್ಚಿಡಿ.

ಹೊಸಬರ ಮನೆಯಲ್ಲಿ ತುಂಬಾ ಸಲ ಆಗುವ ಅನಾಹುತ ಗಾರ್ಡನ್ ಪೈಪಿನಿಂದ. ಹೊರಗಿನ ನಲ್ಲಿ ಫ್ರಾಸ್ಟ್-ಫ್ರೀ, ಅಂದರೆ ಹೆಪ್ಪುಗಟ್ಟದ್ದು, ಎಂದು ನಂಬಿ ಪೈಪನ್ನು ಸಿಕ್ಕಿಸಿಯೇ ಬಿಡುತ್ತಾರೆ. ಆ ನಲ್ಲಿಯ ನಿಜವಾದ ವಾಲ್ವ್ ಗೋಡೆಯ ಒಳಗೆ ಸುಮಾರು ಒಂದಡಿ ಹಿಂದೆ ಇರುತ್ತದೆ. ನಲ್ಲಿ ಮುಚ್ಚಿದಾಗ ನಡುವಿನ ನೀರು ಹೊರಗೆ ಸೋರಿ ಖಾಲಿಯಾಗಬೇಕು. ಪೈಪು ಸಿಕ್ಕಿದ್ದರೆ ಅದು ಸೋರುವುದಿಲ್ಲ, ಅಲ್ಲೇ ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ. ಗೊತ್ತಾಗುವುದು ವಸಂತದಲ್ಲಿ, ಮತ್ತೆ ನಲ್ಲಿ ತಿರುಗಿಸಿ ಗೋಡೆಯೊಳಗೆ ನೀರು ಹರಿದಾಗ. ಅಕ್ಟೋಬರಿನಲ್ಲೇ ಪೈಪು ಬಿಚ್ಚಿ ಒಳಗಿಡಿ. ಕೊರೆಯುವ ರಾತ್ರಿಗಳಲ್ಲಿ ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿಯಿಂದ ಸಣ್ಣಗೆ ನೀರು ಬಿಡಿ. ರಜೆಗೆ ಊರು ಬಿಟ್ಟು ಹೋಗುವಾಗ ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಸಬೇಡಿ, ಪಂಪಿನ ಬ್ರೇಕರ್ ಆರಿಸಿ, ನಲ್ಲಿಗಳನ್ನು ತೆರೆದು ಒತ್ತಡ ಇಳಿಸಿ, ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು ಹೋಗಿ.

ಸೌದೆ ಒಲೆ ಇರುವ ಮನೆಯಾದರೆ ಸೌದೆಯನ್ನು ಕಾರ್ಡ್ ಲೆಕ್ಕದಲ್ಲಿ ಮಾರುತ್ತಾರೆ: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು, 128 ಘನ ಅಡಿ. ತೇವ 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆ ಸುಟ್ಟರೆ ಚಿಮಣಿಯೊಳಗೆ ಕ್ರಿಯೋಸೋಟ್ ಎಂಬ ಕಪ್ಪು ಟಾರು ಕಟ್ಟಿಕೊಂಡು ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ವರ್ಷಕ್ಕೊಮ್ಮೆ ಚಿಮಣಿ ಗುಡಿಸಿಸಿ. ಬೂದಿಯನ್ನು ಮುಚ್ಚಳದ ತಗಡಿನ ಬಕೆಟ್ಟಿಗೆ ತುಂಬಿ ಮರದ ಡೆಕ್‌ನಿಂದ ದೂರ ಇಡಿ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಆರುವುದಿಲ್ಲ.

ಕಾರಿನ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಚಳಿಗಾಲದ ಟೈರು ನಾಲ್ಕೂ ಹಾಕಿಸಿ, ಎರಡು ಹಾಕಿಸಿದರೆ ತಿರುವಿನಲ್ಲಿ ಕಾರು ಗಿರಕಿ ಹೊಡೆಯುತ್ತದೆ. ಫೋರ್-ವೀಲ್ ಡ್ರೈವ್ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಿಸಲು ಮಾಡುವುದಿಲ್ಲ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಪೆಟ್ರೋಲ್ ಯಾವತ್ತೂ ಅರ್ಧ ಟ್ಯಾಂಕಿಗಿಂತ ಮೇಲೇ ಇರಲಿ. ಸಂಜೆ ಹೊತ್ತು ಜಿಂಕೆಗಳು ದಾಟುತ್ತವೆ. ಒಂದು ಕಂಡರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಎಂದುಕೊಂಡೇ ನಿಧಾನಿಸಿ.

ಮಕ್ಕಳ ಕಾರ್ ಸೀಟಿನ ವಿಷಯ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ದಪ್ಪ ಜಾಕೆಟ್ ಹಾಕಿ ಬೆಲ್ಟ್ ಬಿಗಿದರೆ ಬಿಗಿಯಾದಂತೆ ಕಾಣುತ್ತದಷ್ಟೇ. ಡಿಕ್ಕಿಯಾದಾಗ ಜಾಕೆಟ್ಟಿನ ಹತ್ತಿ ಒತ್ತಿಹೋಗಿ ಬೆಲ್ಟು ಸಡಿಲವಾಗುತ್ತದೆ, ಮಗು ಜಾರುತ್ತದೆ. ತೆಳು ಫ್ಲೀಸ್ ಮೇಲೆ ಬೆಲ್ಟ್ ಹಾಕಿ, ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಚಿವುಟಲು ಸಿಗಬಾರದು. ಆಮೇಲೆ ಜಾಕೆಟ್ಟನ್ನು ಹಿಂದುಮುಂದಾಗಿ ಕೈಗಳಿಗೆ ತೊಡಿಸಿ ಹೊದಿಸಿ.

ಸ್ಕೂಲಿನಲ್ಲಿ ಚಳಿಗಾಲವೆಲ್ಲ ಹೊರಗೆ ಆಟಕ್ಕೆ ಬಿಡುತ್ತಾರೆ. ಹಾಗಾಗಿ ಸ್ನೋ ಪ್ಯಾಂಟ್ ದಿನವೂ ಬ್ಯಾಗಿನಲ್ಲಿರಬೇಕು. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಬನಿಯನ್. ಹತ್ತಿ ಬೇಡ, ಬೆವರು ಹಿಡಿದುಕೊಂಡು ತಣ್ಣಗೆ ಮೈಗಂಟುತ್ತದೆ. ಬೆರಳು ಬೇರೆಬೇರೆ ಇರುವ ಗ್ಲವ್ಸಿಗಿಂತ ಮಿಟನ್ ಬೆಚ್ಚಗೆ, ಎರಡು ಜೊತೆ ಇರಲಿ. ಬೂಟಿನ ಒಳಗಿನ ಫೆಲ್ಟ್ ಲೈನರ್ ರಾತ್ರಿ ಎಳೆದು ಒಣಗಿಸದಿದ್ದರೆ ಮಾರನೆಯ ದಿನ ಕಾಲು ಮರಗಟ್ಟುತ್ತದೆ. ಕಾಲ್ಚೀಲ ಒಂದೇ ಸಾಕು, ಎರಡು ಹಾಕಿದರೆ ಬೂಟು ಬಿಗಿದು ರಕ್ತ ಓಡುವುದಿಲ್ಲ. ಗಾಳಿ ಸೇರಿದ ಚಳಿ ಮೈನಸ್ 28 ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಬಿಳಿ ಮಕ್ಕಳ ಕೆನ್ನೆ ಬಿಳಿಚಿದರೆ ಟೀಚರಿಗೆ ತಕ್ಷಣ ಕಾಣುತ್ತದೆ. ನಮ್ಮ ಮಕ್ಕಳ ಚರ್ಮ ಬೂದು ಬಣ್ಣಕ್ಕೆ ತಿರುಗಿ ಮೇಣದಂತೆ ಕಾಣುವುದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಸ್ಕೂಲಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಹಾಗಾದಾಗ ಉಜ್ಜಬಾರದು, ಉಗುರುಬೆಚ್ಚಗಿನ ನೀರು ಸಾಕು.

ಅಡುಗೆಮನೆಯಲ್ಲಿ ಎತ್ತರದ ಆಟ ನಡೆಯುತ್ತದೆ. 5,000 ಅಡಿ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟರೆ ಸಂಜೆಯಾಗುತ್ತದೆ. ಕುಕ್ಕರಿನಲ್ಲೂ 2,000 ಅಡಿಯ ಮೇಲೆ ಪ್ರತಿ 1,000 ಅಡಿಗೆ ಸಮಯ 5 ಶೇಕಡಾ ಹೆಚ್ಚಿಸಿ. ಇಡ್ಲಿ ಹಿಟ್ಟು ಈ ಚಳಿಗೆ ಹೊರಗೆ ಉಬ್ಬುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಕೈಯಲ್ಲೇ ಚೆನ್ನಾಗಿ ಕಲಸಿ, ಒವೆನ್ನಿನಲ್ಲಿ ಬರೀ ದೀಪ ಹಾಕಿ ಇಡಿ. 14ರಿಂದ 18 ಗಂಟೆ ಬೇಕಾದೀತು. ಒವೆನ್ ಬಾಗಿಲಿಗೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಯಾರಾದರೂ ಒವೆನ್ ಹಚ್ಚುತ್ತಾರೆ. ಧನುರ್ಮಾಸದ ಹುಗ್ಗಿಗೆ ಇದಕ್ಕಿಂತ ಒಳ್ಳೆಯ ಬೆಳಗಿನ ಹೊತ್ತು ಬೆಂಗಳೂರಿನಲ್ಲೂ ಸಿಗುವುದಿಲ್ಲ. ಬೇಳೆ, ರಾಗಿಹಿಟ್ಟು, ತುರಿದ ಕಾಯಿ ಸಾಲ್ಟ್ ಲೇಕ್ ಸಿಟಿ ಕಡೆ ಹೋದಾಗ ತಂದು ಫ್ರೀಜರ್ ತುಂಬಿಸಿ. ಜನವರಿಯಲ್ಲಿ ಪೋಸ್ಟಿನಲ್ಲಿ ಕರಿಬೇವು ತರಿಸಿದರೆ ದಾರಿಯಲ್ಲೇ ಹೆಪ್ಪುಗಟ್ಟಿ ಕಪ್ಪಾಗುತ್ತದೆ.

ಡಿಸೆಂಬರಿನಲ್ಲಿ ಪಕ್ಕದ ಮನೆಯವರು ಕುಕೀ ತಟ್ಟೆ ತಂದುಕೊಡುತ್ತಾರೆ, ಕೆಲವರು ಬೇಟೆಯಾಡಿದ ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸವನ್ನೂ. ಸಸ್ಯಾಹಾರಿಗಳಾದರೆ ನೇರವಾಗಿ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಟ್ಟೆ ಖಾಲಿ ಹಿಂತಿರುಗಿಸಬೇಡಿ, ಕೊಬ್ಬರಿ ಮಿಠಾಯಿ, ಚಕ್ಕುಲಿ ಇಟ್ಟು ಏನೇನು ಹಾಕಿದ್ದೀರಿ ಎಂದು ಚೀಟಿ ಬರೆಯಿರಿ. ಸಂಕ್ರಾಂತಿಗೆ ಕ್ಲಾಸಿಗೆ ಎಳ್ಳುಬೆಲ್ಲ ಕಳಿಸುವ ಆಸೆಯಿದ್ದರೆ ಮೊದಲು ಟೀಚರನ್ನು ಕೇಳಿ: ಕಡಲೆಕಾಯಿ, ಎಳ್ಳು ಎರಡೂ ಅಲರ್ಜಿ ಪಟ್ಟಿಯಲ್ಲಿವೆ. ಕಬ್ಬು, ಬಣ್ಣದ ಸಕ್ಕರೆ ಅಚ್ಚು ತೋರಿಸಿ ಹಬ್ಬದ ಬಗ್ಗೆ ಹೇಳಲು ಮಗುವಿಗೇ ಬಿಟ್ಟರೆ ಇನ್ನೂ ಚೆಂದ.

ನಾಲ್ಕನೇ ಕ್ಲಾಸಿನ ಮಗುವಿದ್ದರೆ ಎವ್ರಿ ಕಿಡ್ ಔಟ್‌ಡೋರ್ಸ್ ಪಾಸ್ ತೆಗೆದುಕೊಳ್ಳಿ. ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಉಚಿತ, ಫಾರೆಸ್ಟ್ ಸರ್ವೀಸಿನ ಅನೇಕ ಕಾಡುಗಳಲ್ಲಿ ಕ್ರಿಸ್ಮಸ್ ಮರ ಕಡಿಯುವ ಪರ್ಮಿಟ್ಟೂ ಅದರಲ್ಲಿ ಸಿಗುತ್ತದೆ. ಯೂಟಾದಲ್ಲಿ 4ರಿಂದ 6, ಐಡಾಹೊದಲ್ಲಿ 5 ಮತ್ತು 6ನೇ ಕ್ಲಾಸಿನವರಿಗೆ ಕಡಿಮೆ ದುಡ್ಡಿಗೆ ಸ್ಕೀ ಪಾಸ್‌ಪೋರ್ಟ್ (ಹಿಮದ ಮೇಲೆ ಜಾರುವ ಸ್ಕೀ ಆಟದ ಪಾಸ್) ಇದೆ.

ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಬೇಕೆಂದರೆ ಚಳಿಗಾಲದಲ್ಲಿ ಸ್ವಂತ ಕಾರು ಹೋಗುವುದು ಗಾರ್ಡಿನರ್‌ನಿಂದ ಮ್ಯಾಮತ್ ಮೂಲಕ ಕುಕ್ ಸಿಟಿವರೆಗಿನ ಒಂದೇ ರಸ್ತೆಯಲ್ಲಿ. ಕುಕ್ ಸಿಟಿಯ ಆಚೆ ದಾರಿ ಮುಚ್ಚಿರುತ್ತದೆ, ಬಂದ ದಾರಿಯಲ್ಲೇ ಮರಳಬೇಕು. ಪೆಟ್ರೋಲ್ ಗಾರ್ಡಿನರ್‌ನಲ್ಲೇ ತುಂಬಿಸಿ. 1995ರಲ್ಲಿ ತೋಳಗಳನ್ನು ಮತ್ತೆ ತಂದು ಬಿಟ್ಟದ್ದು ಇದೇ ದಾರಿಯ ಲಾಮಾರ್ ಕಣಿವೆಯ ಸುತ್ತ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು, ಬೈನಾಕ್ಯುಲರ್ ಬೇಕೇ ಬೇಕು. ರಸ್ತೆಬದಿ ದೊಡ್ಡ ಟೆಲಿಸ್ಕೋಪ್ ಇಟ್ಟು ನಿಂತವರು ಕಂಡರೆ ಪಕ್ಕದ ಪುಲ್‌ಔಟ್‌ನಲ್ಲಿ (ರಸ್ತೆಬದಿ ಗಾಡಿ ನಿಲ್ಲಿಸುವ ಜಾಗ) ಕಾರು ನಿಲ್ಲಿಸಿ. ಕೇಳಿದರೆ ಮಕ್ಕಳಿಗೆ ಒಂದು ಸಲ ನೋಡಲು ಕೊಡದವರು ಕಡಿಮೆ.