‘ಇಂಥವರ ವಿಧವೆ’ ಎಂದು ಅಚ್ಚಾದ ಹೆಸರಿನ ಹಿಂದೆ ಎಷ್ಟು ವರ್ಷದ ದುಡಿಮೆ ಇತ್ತು?

ಪ್ರಶ್ನೆ: ಉಪನ್ಯಾಸಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ನಾನು, ಆರಂಭಕಾಲದ ಇಂಗ್ಲಿಷ್ ಮುದ್ರಣದಲ್ಲಿ ಹೆಣ್ಣುಮಕ್ಕಳ ಪಾಲೆಷ್ಟು ಎಂಬುದರ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದು ಅರವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1540–41ರಲ್ಲಿ ಎಲಿಜಬೆತ್ ಪಿಕರಿಂಗ್ ಎಂಬಾಕೆಯ ಹೆಸರು ಲಂಡನ್ನಿನಲ್ಲಿ ಅಚ್ಚಾದ ಕಾನೂನು ಪುಸ್ತಕಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದೂ ರಾಬರ್ಟ್ ರೆಡ್‌ಮನ್ ಎಂಬ ಮುದ್ರಕನ ವಿಧವೆ ಎಂಬ ಪರಿಚಯದೊಂದಿಗೆ. ಮುಂದಿನ ನೂರು ವರ್ಷಗಳಲ್ಲಿ ಸಿಗುವ ಹೆಸರುಗಳೂ ಬಹುಪಾಲು ವಿಧವೆಯರವೇ. ಹಾಗಾದರೆ ಇವರು ಗಂಡ ತೀರಿಕೊಂಡ ಮೇಲಷ್ಟೇ ಕೆಲಸಕ್ಕಿಳಿದರೇ, ಅಥವಾ ಮೊದಲಿನಿಂದಲೂ ದುಡಿಯುತ್ತಿದ್ದವರ ಹೆಸರು ಮಾತ್ರ ಆಗ ಹೊರಗೆ ಬಂತೇ? ಎರಡನೆಯದೇ ನಿಜ ಎಂದು ನನಗನ್ನಿಸುತ್ತದೆ. ಆದರೆ ಅನ್ನಿಸಿದ್ದನ್ನು ಆಧಾರವಿಲ್ಲದೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ನಮ್ಮ ಬಳ್ಳಾರಿ ಅಚ್ಚಿಗೆ ಹೊಸ ಊರಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1844ರಲ್ಲಿ ಇಲ್ಲಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಇತಿಹಾಸ ಓದಿದವರ ಜೊತೆಗೆ ಅಚ್ಚಿನ ಕೆಲಸ ಕೈಯಾರೆ ಮಾಡಿದವರೂ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಇತಿಹಾಸ ಅಧ್ಯಾಪಕ, ಕೊಪ್ಪಳ

ಮೇಡಂ, ವಿಧವೆಯರ ಹೆಸರೇ ಹೆಚ್ಚಾಗಿ ಕಾಣುವುದಕ್ಕೆ ಮುಖ್ಯ ಕಾರಣ ಅಲ್ಲಿನ ವೃತ್ತಿಸಂಘದ ನಿಯಮ. ಲಂಡನ್ನಿನ ಸ್ಟೇಷನರ್ಸ್ ಕಂಪನಿಗೆ 1557ರಲ್ಲಿ ರಾಜಸನ್ನದು ದೊರೆತ ಬಳಿಕ, ಆ ಸಂಘಕ್ಕೆ ಸೇರದವರು ಅಚ್ಚಿನ ಕೆಲಸ ನಡೆಸುವುದು ಬಹಳ ಕಷ್ಟವಾಯಿತು. ಸದಸ್ಯನೊಬ್ಬ ತೀರಿಕೊಂಡರೆ ಅಚ್ಚುಕೂಟ, ಪುಸ್ತಕಗಳ ಮೇಲಿನ ಹಕ್ಕು, ಕೆಲಸ ಕಲಿಯುತ್ತಿದ್ದ ಹುಡುಗರು ಎಲ್ಲವೂ ಹೆಂಡತಿಯ ಕೈಗೆ ಬರಬಹುದಿತ್ತು. ಆಕೆ ಸಂಘದ ಹೊರಗಿನವನನ್ನು ಮದುವೆಯಾದರೆ ಆ ಹಕ್ಕು ಕೈತಪ್ಪುತ್ತಿತ್ತು. ಅಂದರೆ ಗಂಡ ಬದುಕಿರುವಾಗ ಆಕೆ ಏನೇ ಮಾಡಿದರೂ ಅದು ಕಾನೂನಿನ ಕಣ್ಣಿಗೆ ಗಂಡನ ಕೆಲಸ. ಪುಸ್ತಕದ ಮೇಲಿನ ಹೆಸರು ಹಕ್ಕು ಯಾರದೆಂದು ಹೇಳುತ್ತದೆಯೇ ಹೊರತು ದುಡಿದವರು ಯಾರೆಂದು ಹೇಳುವುದಿಲ್ಲ.

ನಿಮಗೆ ಬೇಕಾದ ಆಧಾರ ಜಾಕ್ಲಿನ್ ವಾಟ್ರೋಲಿಯರ್ ಅವರಲ್ಲಿ ಸಿಗುತ್ತದೆ. ಫ್ರಾನ್ಸಿನಿಂದ ಬಂದ ಪ್ರಾಟೆಸ್ಟಂಟ್ ಕುಟುಂಬ ಅವರದು. 1580ರ ದಶಕದಲ್ಲಿ ಗಂಡ ಥಾಮಸ್ ಎಡಿನ್‌ಬರೊದಲ್ಲಿದ್ದಾಗ ಲಂಡನ್ನಿನ ಅಚ್ಚುಕೂಟ ನಡೆದದ್ದು ಈಕೆಯ ಮೇಲ್ವಿಚಾರಣೆಯಲ್ಲಿ. 1587ರಲ್ಲಿ ಗಂಡ ತೀರಿಕೊಂಡ ನಂತರ, ಅಲ್ಲೇ ಕೆಲಸ ಕಲಿತಿದ್ದ ರಿಚರ್ಡ್ ಫೀಲ್ಡ್‌ನನ್ನು ಮದುವೆಯಾದರು. ಶೇಕ್ಸ್‌ಪಿಯರ್‌ನ ಊರಿನವನೇ ಆದ ಆ ಫೀಲ್ಡ್ 1593ರಲ್ಲಿ ‘ವೀನಸ್ ಅಂಡ್ ಅಡೋನಿಸ್’ ಕಾವ್ಯವನ್ನು ಮುದ್ರಿಸಿದ. ಆ ಪುಸ್ತಕದ ಚರಿತ್ರೆ ಬರೆಯುವವರು ಫೀಲ್ಡ್‌ನನ್ನು ನೆನೆಯುತ್ತಾರೆ, ಅಚ್ಚುಕೂಟವನ್ನು ಉಳಿಸಿಕೊಂಡು ಬಂದಾಕೆಯನ್ನು ಮರೆಯುತ್ತಾರೆ. ಇದು ನನಗೆ ಬಹಳ ವರ್ಷಗಳಿಂದ ನೋವು ಕೊಟ್ಟಿರುವ ಸಂಗತಿ.

ಉತ್ತರ 2: ಮುದ್ರಣಾಲಯ ನಡೆಸಿದವರು, ರಾಯಚೂರು

ನಾನು ಇತಿಹಾಸ ಓದಿದವನಲ್ಲ, ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿ ಬೆಳೆದವನು. ನಮ್ಮ ತಂದೆಯವರ ಟ್ರೆಡಲ್ ಅಚ್ಚಿನ ಯಂತ್ರದಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ರಸೀದಿ ಪುಸ್ತಕಗಳು ಅಚ್ಚಾಗುತ್ತಿದ್ದವು. ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಚುವುದು, ದಾರ ಹಾಕಿ ಹೊಲಿಯುವುದು ಮದುವೆಯಾಗಿ ಬಂದ ವರ್ಷದಿಂದಲೇ ತಾಯಿಯವರ ಕೆಲಸವಾಗಿತ್ತು. ಕ್ರಮೇಣ ಮೊಳೆ ಜೋಡಿಸುವುದನ್ನೂ ಕಲಿತರು. ತಂದೆ ಹೈದರಾಬಾದಿಗೆ ಮೊಳೆ ತರಲು ಹೋದ ದಿನಗಳಲ್ಲಿ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಬೋರ್ಡಿನ ಮೇಲೆ ತಂದೆಯ ಹೆಸರು, ಅದರ ಮುಂದೆ ‘ಅಂಡ್ ಸನ್ಸ್’ ಎಂದಿತ್ತು. ಆ ಸನ್ಸ್‌ನಲ್ಲಿ ನಾನಿದ್ದೆ, ಆಗಿನ್ನೂ ನನಗೆ ಒಂಬತ್ತು ವರ್ಷ.

ಮೊಳೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಓದಬೇಕು, ಯಾವ ಅಕ್ಷರ ಪೆಟ್ಟಿಗೆಯ ಯಾವ ಮನೆಯಲ್ಲಿದೆ ಎಂಬುದು ನೋಡದೆಯೇ ಕೈಗೆ ಗೊತ್ತಿರಬೇಕು, ಅಚ್ಚಾದ ಮೇಲೆ ಒಂದೊಂದನ್ನೂ ಮತ್ತೆ ಅದರದರ ಮನೆಗೆ ಹಾಕಬೇಕು. ನೀವು ಹೇಳಿದ ಪಿಕರಿಂಗ್ ಅವರಂತೆ ಗಂಡನನ್ನು ಕಳೆದುಕೊಂಡ ದುಃಖದಲ್ಲಿರುವ ಹೆಣ್ಣುಮಗಳು ಒಂದು ವರ್ಷದೊಳಗೆ ಸುಮಾರು ಹತ್ತು ಕಾನೂನು ಪುಸ್ತಕಗಳನ್ನು ಅಚ್ಚುಕೂಟದಿಂದ ಹೊರತಂದಳು ಎಂದರೆ, ಆ ಮನೆಯಲ್ಲಿ ಆಕೆ ಮೊದಲೇ ಸಾಕಷ್ಟು ಕಲಿತಿದ್ದಳೆಂದೇ ನನ್ನ ಕೈಗಳು ಹೇಳುತ್ತವೆ. ತಾಯಿಯವರಿಗೆ ಈಗ 81 ವರ್ಷ.

ಉತ್ತರ 3: ಸಂಶೋಧಕಿ, ಗಂಗಾವತಿ

ರಾಯಚೂರಿನ ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳಬೇಕು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1696ರಲ್ಲಿ ಗಂಡನ ಅಚ್ಚುಕೂಟ ಮುಂದುವರಿಸಲು ಪರವಾನಗಿ ಪಡೆದ ಡೈನಾ ನಟ್‌ಹೆಡ್‌ಗೆ ಸಹಿ ಮಾಡಲೂ ಬರುತ್ತಿರಲಿಲ್ಲ, ಕಾಗದದ ಮೇಲೆ ಗುರುತು ಹಾಕಿಕೊಟ್ಟರು. ಅಂಥವರು ಕೂಲಿಗೆ ಕೆಲಸಗಾರರನ್ನು ಇಟ್ಟುಕೊಂಡು ವ್ಯವಹಾರ ನಡೆಸಿರಬೇಕು. ಆದ್ದರಿಂದ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿಯೇ ನೋಡಬೇಕಾಗುತ್ತದೆ.

ವಿಧವೆಯಲ್ಲದವರನ್ನು ಹುಡುಕಿದರೆ ನಿಮ್ಮ ವಾದಕ್ಕೆ ಹೆಚ್ಚು ಬಲ ಬರುತ್ತದೆ. ಟೇಸ್ ಸೌಲ್ 1691ರಲ್ಲಿ ತಂದೆಯಿಂದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಅಚ್ಚುಕೂಟವನ್ನು ವಹಿಸಿಕೊಂಡ ಮಗಳು. ಆಕೆ ಸ್ವತಃ ಒಳ್ಳೆಯ ಕಂಪೋಸಿಟರ್ (ಮೊಳೆ ಜೋಡಿಸುವಾಕೆ) ಎಂದು ಸಮಕಾಲೀನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ಬರೆದಿಟ್ಟಿದ್ದಾನೆ. 1706ರಲ್ಲಿ ಮದುವೆಯಾದ ಮೇಲೆ ಪುಸ್ತಕಗಳ ಮೇಲೆ ಆಕೆಯ ಬದಲು ತಾಯಿ ಜೇನ್ ಸೌಲ್ ಅವರ ಹೆಸರು ಬರತೊಡಗಿತು, ಕೆಲಸ ಮಾತ್ರ ಮಗಳದೇ. 1702ರ ಮಾರ್ಚ್ 11ರಂದು ಇಂಗ್ಲೆಂಡಿನ ಮೊದಲ ದಿನಪತ್ರಿಕೆ ‘ಡೈಲಿ ಕೊರಾಂಟ್’ ಹೊರತಂದ ಎಲಿಜಬೆತ್ ಮ್ಯಾಲೆಟ್ ವಿಧವೆಯೇ ಆದರೂ, ಅದರ ಮೇಲೆ ‘ಇ. ಮ್ಯಾಲೆಟ್’ ಎಂದಷ್ಟೇ ಅಚ್ಚು ಹಾಕಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ ಎಲಿನರ್ ಜೇಮ್ಸ್ ಅವರನ್ನು ಓದಿ. ಮುದ್ರಕ ಥಾಮಸ್ ಜೇಮ್ಸ್‌ನ ಈ ಹೆಂಡತಿ ಗಂಡ ಬದುಕಿರುವಾಗಲೇ, 1680ರ ದಶಕದಿಂದ, ರಾಜರಿಗೂ ಸಂಸತ್ತಿಗೂ ಮನವಿಪತ್ರಗಳನ್ನು ತಾವೇ ಬರೆದು ಅಚ್ಚು ಹಾಕಿ ಹಂಚಿದರು. ಹೊಸ ರಾಜ ಮೂರನೇ ವಿಲಿಯಂನನ್ನು ಟೀಕಿಸಿ 1689ರಲ್ಲಿ ಸೆರೆಮನೆಯನ್ನೂ ಕಂಡರು. ಮುಂದೆ ಮುದ್ರಕರಿಗೆ ಬುದ್ಧಿ ಹೇಳುವ ಒಂದು ಹಾಳೆಯಲ್ಲಿ, ತಾವು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಅಚ್ಚಿನ ಕೆಲಸದಲ್ಲೇ ಬಾಳಿದವರೆಂದು ಹೇಳಿಕೊಂಡಿದ್ದಾರೆ. ನಿಮ್ಮ ಪ್ರಶ್ನೆಗೆ ಆ ಕಾಲದ ಹೆಣ್ಣುಮಗಳೊಬ್ಬಳು ತಾನೇ ಕೊಟ್ಟ ಉತ್ತರವದು.

ಪ್ರಶ್ನೆ ಕೇಳಿದವರು, ಬಳ್ಳಾರಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ಪಿಕರಿಂಗ್ ಅವರಿಂದ ಆರಂಭಿಸಬೇಕೆಂದಿದ್ದ ಲೇಖನವನ್ನು ಈಗ ಎಲಿನರ್ ಜೇಮ್ಸ್ ಅವರಿಂದ ಆರಂಭಿಸುತ್ತೇನೆ. ನಟ್‌ಹೆಡ್ ಅವರ ಸಂಗತಿಯನ್ನೂ ಬಿಡುವುದಿಲ್ಲ. ರಾಯಚೂರಿನ ಸರ್, ತಮ್ಮ ತಾಯಿಯವರು ಒಪ್ಪಿದರೆ ಭಾನುವಾರ ಬಂದು ಅವರ ಮಾತುಗಳನ್ನು ಬರೆದುಕೊಳ್ಳಬಹುದೇ? ಅವರ ಹೆಸರನ್ನು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.

ಉತ್ತರ: ರಾಯಚೂರು

ಕೇಳಿದೆ, ತಂಗಿ. ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿ ಬಹಳ ವರ್ಷವಾಯಿತು, ಮೊಳೆಗಳನ್ನು ಸಾಲಾಗಿ ಜೋಡಿಸಲು ಕೈಯಲ್ಲಿ ಹಿಡಿಯುವ ಕಂಪೋಸಿಂಗ್ ಸ್ಟಿಕ್ ಒಂದನ್ನು ಮಾತ್ರ ತಾಯಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಅದನ್ನು ತೆಗೆದಿಡುತ್ತೇನೆ, ಊಟಕ್ಕೆ ಇಲ್ಲಿಗೇ ಬರಲಿ ಎಂದರು. ಹೆಸರು ಹಾಕಬೇಕಂತೆ.